ಪದವಿಯ ಕಾಲಂ ಮುಂದೆ ನಿಂತ ಕಸುಬುದಾರರು



ಪೀಣ್ಯದಂತಹ ಕೈಗಾರಿಕಾ ಪ್ರದೇಶಗಳಲ್ಲಿ ಹಗಲು ಎಲೆಕ್ಟ್ರಿಷಿಯನ್‌, ಫಿಟ್ಟರ್‌ ಆಗಿ ದುಡಿದು, ರಾತ್ರಿ ಸ್ವಂತ ಪರಿಶ್ರಮದಿಂದ ಪೈಥಾನ್‌, ಲಿನಕ್ಸ್‌ ಕಲಿಯುವ ಐಟಿಐ ತರಬೇತಿ ಪಡೆದ ಯುವಜನರಿಗೆ ಐಟಿ ಉದ್ಯೋಗದ ಬಾಗಿಲು ತೆರೆಯದಿರುವುದು ವಿಷಾದಕರ. ಆನ್‌ಲೈನ್‌ ಅರ್ಜಿಯಲ್ಲಿ ಪದವಿಯ ಕಾಲಂ ಖಾಲಿ ಉಳಿದರೆ ಅನೇಕ ಕಡೆ ಅರ್ಜಿ ಮುಂದಕ್ಕೇ ಹೋಗುವುದಿಲ್ಲ. ಅಭ್ಯರ್ಥಿ ಬರೆದ ಪ್ರೋಗ್ರಾಂ ಅನ್ನು ಯಾರೂ ತೆರೆದು ನೋಡುವುದಿಲ್ಲ.

ಯಂತ್ರ ನಿಂತಾಗ ಪ್ಯಾನೆಲ್‌ ತೆರೆದು, ಮಲ್ಟಿಮೀಟರಿನ ಮೊನೆಗಳನ್ನು ಒಂದೊಂದೇ ಟರ್ಮಿನಲ್‌ಗೆ ತಾಗಿಸುತ್ತ ವಿದ್ಯುತ್‌ ಎಲ್ಲಿ ಕಡಿದಿದೆಯೆಂದು ಹುಡುಕುವ ಕ್ರಮಕ್ಕೂ, ಪ್ರೋಗ್ರಾಂನ ದೋಷವನ್ನು ಪತ್ತೆಹಚ್ಚುವ ಡೀಬಗ್ಗಿಂಗ್‌ಗೂ ತರ್ಕ ಒಂದೇ. ಕಾರ್ಖಾನೆಯ ಯಂತ್ರಗಳನ್ನು ನಿಯಂತ್ರಿಸುವ ಪುಟ್ಟ ಕಂಪ್ಯೂಟರ್‌ ಆದ ಪಿಎಲ್‌ಸಿಗೆ ಬರೆಯುವ ‘ಲ್ಯಾಡರ್‌’ ಪ್ರೋಗ್ರಾಂ, ಎಲೆಕ್ಟ್ರಿಷಿಯನ್ನರು ಬಲ್ಲ ರಿಲೇ ಸರ್ಕ್ಯೂಟಿನ ಏಣಿಯಾಕಾರದ ನಕ್ಷೆಯಿಂದಲೇ ರೂಪುಗೊಂಡದ್ದು ಎಂಬುದನ್ನು ನೇಮಕಾತಿ ವಿಭಾಗಗಳು ಗಮನಿಸಬೇಕು.

ಶಾಲೆಯ ಹೊರಗೆ ಗಳಿಸಿದ ಕೌಶಲವನ್ನು ಪರೀಕ್ಷಿಸಿ ಪ್ರಮಾಣಪತ್ರ ನೀಡುವ ‘ಪೂರ್ವಕಲಿಕೆಯ ಮಾನ್ಯತೆ’ ಎಂಬ ವ್ಯವಸ್ಥೆ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಈಗಾಗಲೇ ಇದೆ. ರಾಜ್ಯದ ಕೌಶಲ್ಯಾಭಿವೃದ್ಧಿ ಇಲಾಖೆಯು ಇದೇ ಮಾದರಿಯಲ್ಲಿ, ಕೆಟ್ಟ ಪ್ರೋಗ್ರಾಂ ಒಂದನ್ನು ಕೊಟ್ಟು ಸರಿಪಡಿಸಲು ಹೇಳುವಂತಹ ಪ್ರಾಯೋಗಿಕ ಪರೀಕ್ಷೆಯನ್ನು ಪ್ರತಿ ಜಿಲ್ಲೆಯ ಸರ್ಕಾರಿ ಐಟಿಐಯಲ್ಲಿ, ಕೆಲಸಗಾರರಿಗೆ ಅನುಕೂಲವಾಗುವಂತೆ ಭಾನುವಾರಗಳಂದು, ಕನ್ನಡದಲ್ಲಿಯೂ ನಡೆಸಬೇಕು. 1961ರ ಅಪ್ರೆಂಟಿಸ್‌ ಕಾಯ್ದೆಯಡಿ 30 ಅಥವಾ ಅದಕ್ಕಿಂತ ಹೆಚ್ಚು ಸಿಬ್ಬಂದಿಯಿರುವ ಸಂಸ್ಥೆಗಳು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕಾಗಿರುವುದರಿಂದ, ಐಟಿ ಕಂಪನಿಗಳು ಅದರಲ್ಲಿ ಕೆಲವು ಸ್ಥಾನಗಳನ್ನಾದರೂ ಈ ಪರೀಕ್ಷೆಯಲ್ಲಿ ಉತ್ತೀರ್ಣರಾದ ಕಸುಬುದಾರರಿಗೆ ಮೀಸಲಿಡುವಂತೆ ಸರ್ಕಾರವು ಮಾತುಕತೆ ನಡೆಸಬೇಕೆಂದು ವಿನಂತಿ.

— ಓರ್ವ ಓದುಗ, ಪೀಣ್ಯ, ಬೆಂಗಳೂರು