ಡಾಕ್ಟರಾದ ಮಕ್ಕಳು ಪಾಠವನ್ನೂ ಹೇಳಲಿ



ಅಂಬತ್ತೂರಿನ ಕಾರ್ಖಾನೆ, ಹೋಟೆಲುಗಳಲ್ಲಿ ನಮ್ಮವರ ಸಂಬಳದ ನೂರು ರೂಪಾಯಿಗೆ 75 ಪೈಸೆ ಇ.ಎಸ್.ಐ.ಗೆ ಹೋಗುತ್ತದೆ. ಆ ನಿಗಮದ್ದೇ ಮೆಡಿಕಲ್ ಕಾಲೇಜು ಕೆ.ಕೆ. ನಗರದಲ್ಲಿದೆ, ವಿಮೆದಾರ ಕಾರ್ಮಿಕರ ಮಕ್ಕಳಿಗೆಂದೇ ಅಲ್ಲಿ ಎಂ.ಬಿ.ಬಿ.ಎಸ್. ಸೀಟುಗಳಿವೆ.

ಎಂಜಲು ಲೋಟ ತೊಳೆದವನ ಮಗಳು ಮುಂದೆ ಎಂ.ಡಿ.ಯನ್ನೂ ಮುಗಿಸಿದಳೆನ್ನಿ. ಮನೆಯವರು, ‘ನರ್ಸಿಂಗ್ ಹೋಂ ಸೇರಿ ಸಾಲ ತೀರಿಸಮ್ಮ’ ಎನ್ನುತ್ತಾರೆ. ಸಾಲದ ಸಂಕಟ ನಮಗೆ ಗೊತ್ತಿಲ್ಲದ್ದೇ? ಆದರೆ ಮೆಡಿಕಲ್ ಕಾಲೇಜಿನಲ್ಲಿ ಒಂದು ವರ್ಷ ಸೀನಿಯರ್ ರೆಸಿಡೆಂಟ್ ಆಗಿ ದುಡಿಯದವರಿಗೆ ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆ ಸಾಮಾನ್ಯವಾಗಿ ದಕ್ಕದು. ಅದು ಕಂತ್ರಾಟಿನ ಕೆಲಸ, ನಿಜ, ಸಂಬಳವೂ ಉಂಟು. ನೇರ ಸಂದರ್ಶನಕ್ಕೆ ಕರೆದ ದಿನ ಅಸಲು ಸರ್ಟಿಫಿಕೇಟು, ಮೆಡಿಕಲ್ ಕೌನ್ಸಿಲಿನ ನೋಂದಣಿ ಪತ್ರ ಹಿಡಿದು ಬೆಳಿಗ್ಗೆಯೇ ಹೋಗಲಿ. ಆ ಒಂದು ವರ್ಷ ಸಾಲಗಾರರಿಗೆ ಸಮಾಧಾನ ಹೇಳುವ ಕೆಲಸ ನಮಗಿರಲಿ.