ಮಾತ್ರೆಗಿಂತ ಕಹಿಯಾದ ಪ್ರಶ್ನೆ

ಮೆಡಿಕಲ್ ಶಾಪಿನ ಮುಂದೆ ಗಂಡಸರೆಲ್ಲ ಕರಗುವ ತನಕ ಕಾದು ನಿಂತ ಹೆಂಗಸೊಬ್ಬಳನ್ನು ನಾವು ಕಂಡಿದ್ದೇವೆ. ಮೂರು ಮಕ್ಕಳ ತಾಯಿ. ಕೊನೆಗೆ ಮಾತ್ರೆಯ ಹೆಸರು ಬರೆದ ಚೀಟಿ ಚಾಚಿದರೆ, ಅಂಗಡಿಯವ ಬೀದಿಗೆಲ್ಲ ಕೇಳುವಂತೆ, "ಯಾರಿಗಮ್ಮ ಇದು? ಯಜಮಾನರಿಗೆ ಗೊತ್ತಾ?" ಎಂದ. ಆಕೆ ನಖಾಬ್ ಇಳಿಬಿಟ್ಟು ಬರಿಗೈಯಲ್ಲಿ ಹೊರಟುಹೋದಳು. ಅದೇ ಅಂಗಡಿಯಲ್ಲಿ ನಿರೋಧ್ ಕೊಳ್ಳುವ ಗಂಡಸಿಗೆ 'ಹೆಂಡತಿಗೆ ಗೊತ್ತಾ' ಎಂದು ಕೇಳಿದ್ದನ್ನು ನಾವಂತೂ ಕಂಡಿಲ್ಲ.

1.5 ಮಿಲಿಗ್ರಾಂ ಲೆವೊನೊರ್ಜೆಸ್ಟ್ರೆಲ್ ಇರುವ ಈ ಮಾತ್ರೆಗೆ ವೈದ್ಯರ ಚೀಟಿಯೇ ಬೇಡವೆಂದು ಸರ್ಕಾರ ಹೇಳಿದ್ದು 2005ರಲ್ಲಿ. ಆಶಾ ಕಾರ್ಯಕರ್ತೆಯರು ಮನೆಬಾಗಿಲಿಗೇ ತಲುಪಿಸಲೆಂದು 2011ರ ಯೋಜನೆಯಲ್ಲಿ ಅದಕ್ಕಿಟ್ಟ ಬೆಲೆ ಎರಡೇ ರೂಪಾಯಿ. ಹಾಗಿರುವಾಗ ಈ ವಿಚಾರಣೆಯ ಅಧಿಕಾರ ಅಂಗಡಿಯವನಿಗೆ ಕೊಟ್ಟವರಾರು?

'ಬಸಿರು ತೆಗೆಸುವ ಮಾತ್ರೆ' ಎಂಬ ಅಪವಾದ ಬೇರೆ. ಇದು ಮಾಡುವುದು ಅಂಡಾಣು ಬಿಡುಗಡೆಯಾಗುವುದನ್ನು ಮುಂದೂಡುವ ಕೆಲಸ. ಗರ್ಭ ನಿಂತ ಮೇಲೆ ನುಂಗಿದರೆ ಏನೂ ಆಗದು. ಗರ್ಭಪಾತದ ಔಷಧಿಯೇ ಬೇರೆ, ಅದರ ಕಾನೂನೇ ಬೇರೆ. ಧರ್ಮದ ಹೆಸರೆತ್ತುವವರಿಗೆ ಒಂದು ಮಾತು: ಪ್ರವಾದಿಯವರ ಕಾಲದಲ್ಲಿ ಸಹಾಬಿಗಳು 'ಅಝ್ಲ್' ಅನುಸರಿಸುತ್ತಿದ್ದರೆಂದು ಹದೀಸ್‌ಗಳಲ್ಲಿದೆ. ಇಮಾಮ್ ಗಝಾಲಿಯವರು ಅದನ್ನು ನಿಷಿದ್ಧವೆನ್ನಲಿಲ್ಲ. ಹನಫಿ ಫಿಕ್ಹ್ ಅದಕ್ಕೆ ಕೇಳಿದ್ದು ಪತ್ನಿಯ ಒಪ್ಪಿಗೆಯನ್ನು! ನಮ್ಮ ಮೊಹಲ್ಲಾಗಳಲ್ಲಿ ಈ ಕೊನೆಯ ಮಾತನ್ನು ಯಾರೂ ಎತ್ತುವುದಿಲ್ಲ, ಏಕೋ.

ಮಾತ್ರೆ ಮಾರುವ ಕಂಪೆನಿಗಳ ವಕಾಲತ್ತು ನಮಗೆ ಬೇಡ. ಇದು ದಿನನಿತ್ಯದ ಉಪಾಯವಲ್ಲ, ಏಡ್ಸ್ ತಡೆಯದು, ನೂರಕ್ಕೆ ನೂರು ಖಾತರಿಯೂ ಅಲ್ಲ. ಕ್ಷಯಕ್ಕೆ ರಿಫಾಂಪಿಸಿನ್ ನುಂಗುವವರಲ್ಲಿ ಇದರ ಪ್ರಭಾವ ಕುಗ್ಗುತ್ತದೆ. ಎರಡು ಗಂಟೆಯೊಳಗೆ ವಾಂತಿಯಾದರೆ ಮತ್ತೊಂದು ನುಂಗಬೇಕು. ಮುಟ್ಟು ವಾರಕ್ಕಿಂತ ತಡವಾದರೆ ಪರೀಕ್ಷೆ ಮಾಡಿಸಬೇಕು. ಐದು ದಿನದೊಳಗೆ ಕಾಪರ್-ಟಿ ಹಾಕಿಸಿಕೊಂಡರೆ ಇನ್ನೂ ಭದ್ರ. ಇಷ್ಟನ್ನು ಮೆಲುದನಿಯಲ್ಲಿ ಹೇಳಿ ಮಾತ್ರೆ ಕೊಡಲು ಅಂಗಡಿಯವನಿಗೆ ಎರಡು ನಿಮಿಷ ಸಾಕಿತ್ತು.

ಮಾತ್ರೆಗಿರುವ ಗಡುವು 72 ಗಂಟೆ. ತಡವಾದಷ್ಟೂ ಫಲ ಕಡಿಮೆ. ಆ ಹೆಂಗಸು ಬಂದದ್ದು ಶನಿವಾರ ಸಂಜೆ. ಮರುದಿನ ಭಾನುವಾರ, ಗಂಡ ಮನೆಯಲ್ಲಿರುತ್ತಾನೆ. ಸೋಮವಾರ ಬೆಳಗ್ಗೆ ಬೇರೆ ಬೀದಿಯ ಅಂಗಡಿಗೆ ಹೋದಳೋ ಇಲ್ಲವೋ, ನಮಗೆ ತಿಳಿಯದು.