ಪುನುಗು ಬೆಕ್ಕಿಗೆ ವಿಷವಿಡಬೇಡಿ

ಮನೆಭೇಟಿಗೆ ಹೋದಲ್ಲೆಲ್ಲ ನಾವು ಕೇಳುವ ದೂರು ಒಂದೇ: ರಾತ್ರಿ ಗೂಡಿಗೆ ಪುನುಗು ಬೆಕ್ಕು ನುಗ್ಗಿತು, ಹೇಂಟೆಗಳು ಹೋದವು. ಹಗಲಲ್ಲಿ ಮರಿಗಳಿಗೆ ಕೀರಿಯ ಕಾಟ. ಮೊಟ್ಟೆ ಮಾರಿದ ಹಣದಲ್ಲೇ ಮಕ್ಕಳಿಗೆ ಪುಸ್ತಕ ಕೊಳ್ಳುವ ತಾಯಂದಿರ ಸಂಕಟ ನಮಗೆ ಅರ್ಥವಾಗುತ್ತದೆ. ಆದರೆ ಸತ್ತ ಕೋಳಿಗೆ ಕೀಟನಾಶಕ ಸವರಿ ತೋಟದಲ್ಲಿಡುವುದನ್ನು ನಾವು ಒಪ್ಪಲಾರೆವು. ಅದನ್ನು ಮೊದಲು ತಿನ್ನುವುದು ನೆರೆಮನೆಯ ನಾಯಿಯೇ ಆಗಬಹುದು. ಮಳೆ ಬಂದರೆ ವಿಷ ಬಾವಿಯತ್ತ ಹರಿಯುತ್ತದೆ. ಗೇರುತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನಿನ ಫಲವನ್ನು ಕಣ್ಣಾರೆ ಕಂಡ ಕಾಸರಗೋಡಿನವರಿಗೆ ಇದನ್ನು ಬಿಡಿಸಿ ಹೇಳಬೇಕೆ? 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಇವುಗಳನ್ನು ಕೊಲ್ಲುವುದು ಅಪರಾಧವೂ ಹೌದು.

ಇನ್ನೊಂದು ಮಾತು. ಪುನುಗು, ಕೀರಿ ಎರಡೂ ಇಲಿ ಹಿಡಿಯುತ್ತವೆ. ಇಲಿಯ ಮೂತ್ರ ಸೇರಿದ ನೀರಿನಿಂದ ಇಲಿಜ್ವರ ಬರುತ್ತದೆ. ಗದ್ದೆಗಿಳಿಯುವವರಿಗೆ ಅದರ ಭಯ ಗೊತ್ತು.

ತಪ್ಪು ಹೆಚ್ಚಾಗಿ ಗೂಡಿನದ್ದು. ಕೀರಿ ಅಡಿಯಿಂದ ತೋಡಿ ಬರುತ್ತದೆ, ಪುನುಗು ಮರವೇರಿ ಮಾಡಿನಿಂದ ಇಳಿಯುತ್ತದೆ. ಅರ್ಧ ಇಂಚು ಕಣ್ಣಿನ ಗಟ್ಟಿ ತಂತಿಬಲೆ ಹೊಡೆದು, ಒಂದಡಿ ಮಣ್ಣಿನೊಳಗೂ ಇಳಿಸಿ, ಸುತ್ತ ಮುರಕಲ್ಲು ಇಡಿ. ಮಾಡಿನ ಸಂದು ಮುಚ್ಚಿ. ಗೂಡಿನ ಮೇಲೆ ಬಾಗಿದ ಗೆಲ್ಲು ಕಡಿಯಿರಿ. ಕತ್ತಲಾಗುವ ಮೊದಲೇ ಬಾಗಿಲು ಹಾಕಿ, ಕೊಂಡಿ ಸಿಕ್ಕಿಸಿ. (ಕೊಂಡಿ ಇದ್ದೂ ಸಿಕ್ಕಿಸದ ಮನೆಗಳನ್ನು ನಾವು ಬೇಕಾದಷ್ಟು ಕಂಡಿದ್ದೇವೆ!) ಮೀನಿನ ಕಸ ರಾತ್ರಿ ಅಂಗಳದಲ್ಲಿ ಉಳಿಯದಿರಲಿ.

ತಂತಿಬಲೆಗೆ ಖರ್ಚಿದೆ ಎನ್ನುತ್ತೀರಿ, ನಿಜ. ನಾಲ್ಕು ಮನೆಯವರು ಸೇರಿ ಒಂದು ಸುರುಳಿ ತಂದು ಹಂಚಿಕೊಳ್ಳಬಹುದಲ್ಲ?